ಬೊಳ್ಳಿ ಹೆರದ ಎಂಟು ಮರಿ

"ನನ್ನ ರಬ್ಬರ್ ಮರಗಳಲ್ಲಿ ಹಾಲು ಹಿಡಿಯಲಿಕ್ಕೆ ಕಟ್ಟಿದ ಎಂಟು ತೆಂಗಿನ ಗೆರಟೆ ಕಾಣುದಿಲ್ಲ. ನಿಮ್ಮ ಬಚ್ಚಲ ಒಲೆಗೆ ಹೋಯ್ತಾ ಎಂತ?"

ಪಂಜ ಊರಿನ ಹಾಲಿನ ಡೈರಿಯಲ್ಲಿ ಬೆಳಗಿನ ಸಾಲಿನವರೆಲ್ಲ ತಿರುಗಿ ನೋಡಿದರು.

ಶಾಂಭವಿ ಹಾಲಿನ ಕ್ಯಾನನ್ನು ಠಕ್ಕೆಂದು ನೆಲಕ್ಕಿಟ್ಟಳು. ಬೇಲಿಯಾಚೆಯ ವಿಷ್ಣುಪ್ರಸಾದ್, ಹತ್ತು ಜನರೆದುರು ತನ್ನನ್ನು ಕಳ್ಳಿ ಅಂದುಬಿಟ್ಟನೇ! ದಿನಾ ಅವನ ಜೀಪಿನ ಸದ್ದಿಗೆ ಕಿವಿಗೊಡುತ್ತಿದ್ದ ತನ್ನ ಮೇಲೆಯೇ ಅವಳಿಗೆ ಅಸಹ್ಯವಾಯಿತು.

"ನಿಮ್ಮ ನಾಯಿ ಟೈಗರ್ ಬೇಲಿ ಹಾರಿ ನಮ್ಮ ಬೊಳ್ಳಿಗೆ ಹೊಟ್ಟೆ ಮಾಡಿ ಹೋದದ್ದಕ್ಕೆ ಮೊದಲು ಉತ್ತರ ಕೊಡಿ ಮಾರಾಯ್ರೆ! ಎಷ್ಟು ಮರಿ ಹಾಕ್ತದೋ, ಅಷ್ಟನ್ನೂ ನಿಮ್ಮ ಜಗಲಿಗೆ ತಂದು ಸುರಿಯದಿದ್ದರೆ ನಾನು ಶಾಂಭವಿಯೇ ಅಲ್ಲ!"

"ಬೀಗರಾದಿರಿ ನೋಡಿ!" ಹಾಲು ಅಳೆಯುವ ಸಂಕಪ್ಪ ಕಿಸಕ್ಕನೆ ನಕ್ಕ.

ವಿಷ್ಣುಪ್ರಸಾದ್ ಏನೋ ಹೇಳಲು ಬಾಯಿ ತೆರೆದ... ಆಮೇಲೆ ಹೋಗಿ ಜೀಪು ಹತ್ತಿದ.

ಅಂದಿನಿಂದ ಶಾಂಭವಿ ದಿನಾ ಬೇಲಿಯ ಬಳಿ ಹೋಗಿ ನಿಲ್ಲತೊಡಗಿದಳು.

"ಇನ್ನು ಹತ್ತೇ ದಿನ. ಜಗಲಿ ಗುಡಿಸಿ ಇಡಿ!"

"ಇಡ್ತೇನೆ," ಅನ್ನುತ್ತಿದ್ದ ಅವನು. ಆ ಶಾಂತ ದನಿಗೆ ಅವಳ ಸಿಟ್ಟು ಇನ್ನೂ ಏರುತ್ತಿತ್ತು. ದೊಡ್ಡ ಬುಟ್ಟಿಯೊಂದನ್ನು ತೊಳೆದು ಒಣಗಿಸಿಯೂ ಆಯಿತು. ಕುಯ್‌ಗುಡುವ ಮರಿಗಳು, ಊರವರ ನಗು, ಅವನ ಪೆಚ್ಚು ಮುಖ... ಅದೊಂದನ್ನು ನೋಡಿದರೆ ಸಾಕಿತ್ತು ಅವಳಿಗೆ!

ಒಂದು ಬೆಳಿಗ್ಗೆ ಬೊಳ್ಳಿ ಗಂಜಿಗೆ ಬರಲಿಲ್ಲ. ಬುಟ್ಟಿ ಹಿಡಿದು ಕಟ್ಟಿಗೆ ಕೊಟ್ಟಿಗೆಗೆ ಓಡಿದಳು.

ಗೋಣಿಯ ಮೇಲೆ ಬೊಳ್ಳಿ ಸುರುಳಿ ಸುತ್ತಿ ಮಲಗಿತ್ತು. ಮೊಲೆಯಲ್ಲಿ ಹಾಲು ಜಿನುಗುತ್ತಿತ್ತು. ಹೊಟ್ಟೆಗೆ ಒತ್ತಿಕೊಂಡು ಅದು ನೆಕ್ಕುತ್ತಿದ್ದದ್ದು ಮರಿಗಳನ್ನಲ್ಲ... ರಬ್ಬರ್ ಹಾಲು ಅಂಟಿದ ಎಂಟು ಗೆರಟೆಗಳನ್ನು!

ದನ ನೋಡಲು ಬಂದ ಡಾಕ್ಟರ್ ಇಬ್ರಾಹಿಂ ಬೊಳ್ಳಿಯನ್ನೂ ಮುಟ್ಟಿ ನೋಡಿದರು.

"ಮರಿಯೇ ಇಲ್ಲಮ್ಮ, ಇದು ಸುಳ್ಳು ಬಸಿರು. ಬೆದೆ ಮುಗಿದು ಒಂದೆರಡು ತಿಂಗಳಿಗೆ ಹೀಗೆ ಆಗುದುಂಟು. ಗಂಡು ನಾಯಿ ಸೇರಲೇಬೇಕಂತ ಇಲ್ಲ. ಸಿಕ್ಕಿದ್ದನ್ನೇ ಮರಿ ಅಂತ ಸಾಕ್ತವೆ. ಹಾಲು ಹಿಂಡಬೇಡಿ, ಗೆರಟೆ ತೆಗೆದುಬಿಡಿ. ಎಲ್ಲ ಇಳಿದ ಮೇಲೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿ."

ಹಾಗಾದರೆ ತಾನು ಇಷ್ಟು ದಿನ ಸಾಕಿದ ಹಗೆ?

ಗೆರಟೆಗಳನ್ನು ಬಾವಿಗೆ ಎಸೆದರೆ ಯಾರಿಗೂ ಗೊತ್ತಾಗದು... ಬಾವಿಕಟ್ಟೆಯವರೆಗೂ ಹೋದಳು. ಹಿಂದೆಯೇ ಬಂದ ಬೊಳ್ಳಿ ಬುಟ್ಟಿ ಮೂಸಿ ಮೂಸಿ ನರಳಿತು. ಅವಳ ಕೈ ಏಳಲಿಲ್ಲ.

ಮರುದಿನ ಅದೇ ಡೈರಿ, ಅದೇ ಸಾಲು. ಬುಟ್ಟಿಯನ್ನು ಅವನ ಕಾಲ ಬಳಿ ಇಟ್ಟಳು.

"ನಿಮ್ಮ ಗೆರಟೆ. ಕದ್ದದ್ದು ಬೊಳ್ಳಿ. ಮರಿ ಇಲ್ಲ... ಟೈಗರಿನದ್ದು ತಪ್ಪಿಲ್ಲ."

"ಗೊತ್ತುಂಟು. ಟೈಗರಿಗೆ ಆಪರೇಷನ್ ಆಗಿ ಎರಡು ವರ್ಷ ಆಯ್ತು."

"ಅವತ್ತೇ ಹೇಳುದಲ್ವಾ!"

"ಹೇಳಿದ್ದರೆ ನೀವು ದಿನಾ ಬೇಲಿಗೆ ಬರ್ತಿದ್ದಿರಾ?"

ಅವನು ಸಾಲಿನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದ: "ಇವರನ್ನು ಅನುಮಾನಿಸಿದ್ದು ನನ್ನ ತಪ್ಪು. ಎಲ್ಲರೂ ಕೇಳಿದ್ರಲ್ಲ? ಸಂಕಪ್ಪಣ್ಣ, ನೀವೂ!"

ಆಮೇಲೆ ಒಂದು ಗೆರಟೆಯನ್ನು ಮೆಲ್ಲನೆ ಅವಳ ಕೈಗಿಟ್ಟ.

"ಬೊಳ್ಳಿಗೆ ಕೊಡಬಾರದು, ಡಾಕ್ಟ್ರು ಬೈತಾರೆ."

"ಬೊಳ್ಳಿಗಲ್ಲ, ನಿಮಗೆ. ನಾಳೆ ಅದನ್ನು ಹುಡುಕಿಕೊಂಡು ನಾನು ನಿಮ್ಮ ಮನೆಗೆ ಬರಬೇಕಲ್ಲ..."

ಅವಳು ಗೆರಟೆಯನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು.

"ಬೇಗ ಬನ್ನಿ. ಬೈಲಿಕ್ಕೆ ಇನ್ನೂ ತುಂಬ ಉಂಟು!"