ಕೊನೆಯ ಮುಚ್ಚಳ

ಮ್ಯೂಸಿಯಮ್ಮಿನ ಹಿಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕದ ಮೇಜು ಅವಳದು, ಎದುರಿನದು ಕ್ಯುರೇಟರನದು. ನಡುವೆ ಒಂದು ಬೋಗುಣಿ ತುಂಬ ಮುಚ್ಚಳಗಳು. ಆ ಬೋಗುಣಿಯ ದಯೆಯಿಂದಲೇ ಅವಳಿಗೆ ಈ ಕೆಲಸ ಸಿಕ್ಕಿತ್ತು.

ತಣ್ಣನೆಯ ಕಡಲಿನ ತಳದಲ್ಲಿ ಬದುಕುವ ಒಂದು ಜಾತಿಯ ಶಂಖದ ಹುಳುವಿದೆ. ಹೆದರಿದರೆ ಮೈಯನ್ನೆಲ್ಲ ಚಿಪ್ಪಿನೊಳಕ್ಕೆ ಎಳೆದುಕೊಂಡು, ಕಾಲಿಗೆ ಅಂಟಿದ ಕಂದು ಮುಚ್ಚಳದಿಂದ ಬಾಗಿಲು ಹಾಕಿಕೊಳ್ಳುತ್ತದೆ. ಹುಳುವಿನ ಜೊತೆಗೇ ಮುಚ್ಚಳವೂ ಬೆಳೆಯುವುದರಿಂದ ಒಂದರದು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಇಷ್ಟೆಲ್ಲ ಬಲ್ಲ ಕ್ಯುರೇಟರ್, ತೊಳೆಯುವ ಭರದಲ್ಲಿ ಇಡೀ ಸಂಗ್ರಹದ ಮುಚ್ಚಳಗಳನ್ನು ಒಂದೇ ಬೋಗುಣಿಗೆ ಸುರಿದಿದ್ದ. ಯಾವುದು ಯಾವುದರದ್ದೆಂದು ಹುಡುಕಿ ಕೂರಿಸಲು ಅವಳನ್ನು ತಾತ್ಕಾಲಿಕವಾಗಿ ನೇಮಿಸಿಕೊಂಡಿದ್ದರು.

"ಎಲ್ಲಾನೂ ಒಂದೇ ಕಡೆ ಸುರಿಯೋದು ಬುದ್ಧಿವಂತರು ಮಾಡೋ ಕೆಲಸಾನಾ ಸರ್?" ಎಂದು ಮೊದಲ ದಿನವೇ ಕೇಳಿದ್ದಳು.

"ಅಲ್ಲ. ಅದಕ್ಕೇ ನಿಮ್ಮನ್ನ ಕರೆಸಿದ್ದು," ಎಂದ ಅವನ ಕಿವಿಯೆಲ್ಲ ಕೆಂಪಾಗಿತ್ತು.

ಮುಚ್ಚಳವೊಂದು ಸರಿಯಾಗಿ ಕೂತಾಗಲೆಲ್ಲ ಅವಳು ಚಿಪ್ಪನ್ನು ಎತ್ತಿ ತೋರಿಸುತ್ತಿದ್ದಳು. ಅವನು ಕನ್ನಡಕದ ಮೇಲಿಂದ ಚಿಪ್ಪನ್ನು ಒಂದಿಷ್ಟು, ಅವಳನ್ನು ಇನ್ನೊಂದಿಷ್ಟು ನೋಡುತ್ತಿದ್ದ. ಸಿಕ್ಕಿಬಿದ್ದರೆ ಧೂಳೇ ಇಲ್ಲದ ಚಿಪ್ಪಿನೊಳಕ್ಕೆ ಉಫ್ ಎಂದು ಊದುತ್ತಿದ್ದ.

"ಊಟಕ್ಕೆ ಕೂತ್ರೂ ಅವ್ರದೇ ಸುದ್ದಿ," ಎಂದು ಮನೆಯಲ್ಲಿ ಅಕ್ಕ ಕಾಲೆಳೆಯುತ್ತಿದ್ದಳು. "ಪ್ರೀತಿ ಚಿಪ್ಪಿನ ಮೇಲೋ, ಚಿಪ್ಪಿನವರ ಮೇಲೋ?"

"ಸುಮ್ನಿರೇ ಅಕ್ಕಾ."

ಬೋಗುಣಿ ಮಾತ್ರ ಬರಿದಾಗುತ್ತ ಬಂತು. ಅದು ಪೂರ್ತಿ ಬರಿದಾದ ದಿನ ಆ ಕೋಣೆಯಲ್ಲಿ ಅವಳಿಗೇನು ಕೆಲಸ? ಕೊನೆಗೆ ಒಂದೇ ಒಂದು ಉಳಿದಾಗ, ಅವನು ಅತ್ತ ತಿರುಗಿದ ಹೊತ್ತು ನೋಡಿ ಅದನ್ನು ತನ್ನ ಕನ್ನಡಕದ ಡಬ್ಬಿಗೆ ಸೇರಿಸಿಬಿಟ್ಟಳು.

"ಈ ಕೊನೇ ಚಿಪ್ಪಿನ ಮುಚ್ಚಳ ಸಿಗ್ತಾ ಇಲ್ಲ ಸರ್."

ಪಾಪ, ಅವನು ಮೇಜಿನಡಿ ತೆವಳಿ ಹುಡುಕಿದ, ಸಿಂಕಿನ ಜಾಲರಿ ಬಿಚ್ಚಿ ನೋಡಿದ. ಅವಳೂ ಜೊತೆಗೆ ಹುಡುಕಿದಳು. ಹಾಗೆ ಕಳೆದ ದಿನಗಳಲ್ಲಾದಷ್ಟು ಖುಷಿಯೂ ನಾಚಿಕೆಯೂ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಒಂದು ಸಂಜೆ ಮ್ಯೂಸಿಯಮ್ಮಿನ ನಿರ್ದೇಶಕಿ ಬಾಗಿಲಲ್ಲಿ ನಿಂತರು. "ಇನ್ನೂ ಮುಗೀಲಿಲ್ವಾ?"

"ಮುಗೀತು ಮೇಡಂ," ಎಂದ ಕ್ಯುರೇಟರ್. "ಇದೊಂದಕ್ಕೆ ಬಂದಾಗ್ಲೇ ಮುಚ್ಚಳ ಇರ್ಲಿಲ್ಲ. ಇವ್ರ ಕೆಲಸ ಇವತ್ತಿಗೆ ಮುಗೀತು."

ನಿರ್ದೇಶಕಿ ಹೋದ ಮೇಲೆ ಬ್ಯಾಗು ಎತ್ತಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಸುಳ್ಳು ಯಾಕೆ ಹೇಳಿದ್ರಿ? ಮುಚ್ಚಳ ಇತ್ತು ಅಂತ ನಿಮಗೆ ಗೊತ್ತು."

"ಗೊತ್ತು. ತೆಗೆಯೋವಾಗ ಅದರ ಅಂಚು ಮುರಿದದ್ದೇ ನನ್ನ ಚಿಮಟದಿಂದ. ಎಲ್ಲೋ ಕಳೆದುಹೋಯ್ತು ಅಂದ್ಕೊಂಡೆ."

"ನನ್ನನ್ನ ಕಳಿಸೋಕೆ ಅಷ್ಟೊಂದು ಅವಸರಾನಾ?" ಕಣ್ಣೊರೆಸಿಕೊಂಡಳು. ಡಬ್ಬಿ ತೆರೆದು ಮುಚ್ಚಳವನ್ನು ಅವನ ಮುಂದಿಟ್ಟಳು. "ತಗೊಳ್ಳಿ. ಕದ್ದಿದ್ದು ನಾನೇ. ಇದು ಮುಗಿದ್ರೆ ನಾಳೆಯಿಂದ ನಿಮ್ಮನ್ನ ನೋಡೋಕಾಗಲ್ಲ ಅಂತ."

ಅವನು ಮುಚ್ಚಳವನ್ನು ನೋಡಿದ, ಅವಳನ್ನು ನೋಡಿದ.

"ಅವಸರ ಇತ್ತು, ನಿಜ. ನಿಮ್ಮ ಹಾಜರಿಗೆ ಸಹಿ ಹಾಕೋನು ನಾನು. ನಾನೇ ಒಂದು ಮಾತು ಕೇಳಿದ್ರೆ, ಇಷ್ಟ ಇಲ್ದಿದ್ರೂ ಇಲ್ಲ ಅನ್ನೋಕೆ ನಿಮಗೆ ಕಷ್ಟ. ಕೆಲಸ ಮುಗೀಲಿ, ಆಮೇಲೆ ಕೇಳೋಣ ಅಂತ ಕಾಯ್ತಿದ್ದೆ. ನೀವು ನೋಡಿದ್ರೆ ಮುಗಿಯೋಕೇ ಬಿಡ್ಲಿಲ್ಲ!"

ಅವಳಿಗೆ ಅಳುವಿನ ನಡುವೆಯೇ ನಗು ಉಕ್ಕಿತು.

"ನಾಳೆ ಮೇಡಂಗೆ ನಿಜ ಹೇಳ್ತೀನಿ," ಎಂದ ಅವನು.

"ಬೈಸಿಕೊಳ್ಳೋಕೆ ನಾನೂ ಬರ್ತೀನಿ."

"ಹಾಗಾದ್ರೆ... ಈಗ ಕೇಳ್ಲಾ?"

"ಸ್ವಲ್ಪ ಇರಿ."

ಅವಳು ಬ್ಯಾಗು ಕೆಳಗಿಟ್ಟು ತನ್ನ ಮೇಜಿಗೆ ಹೋಗಿ ಕೂತಳು. ಮುಚ್ಚಳ ಒಳಗೆ ಬೀಳದಂತೆ ಚಿಪ್ಪಿನ ಬಾಯಿಗೆ ಹತ್ತಿ ತುಂಬಿ, ಅಂಚು ಮುರಿದ ಮುಚ್ಚಳವನ್ನು ಮೆಲ್ಲಗೆ ಒತ್ತಿದಳು. ಅದು ತನ್ನ ಜಾಗದಲ್ಲಿ ಕೂತಿತು. ಎಂದಿನಂತೆ ಎತ್ತಿ ತೋರಿಸಿದಳು. ಅವನು ಕನ್ನಡಕದ ಮೇಲಿಂದ ಅವಳನ್ನೇ ನೋಡಿದ. ಈ ಸಲ ಯಾವ ಚಿಪ್ಪಿನೊಳಕ್ಕೂ ಊದಲಿಲ್ಲ.

"ಕೆಲಸ ಮುಗೀತು," ಎಂದಳು ಅವಳು. "ಈಗ ಕೇಳಿ."