ಗುಮ್ಮಟಕ್ಕೆ ಗೇಟು ಬೇಡ

“ಮೈಕ್ ಬಂದ್ ಮಾಡ್ರಿ ಮೇಡಂ. ಇದು ಲೆಕ್ಕದ ಮಾತು. ಅಡಿಗಿ ಮನಿ ಹರಟಿ ಅಲ್ಲ!”

ಇಯರ್‌ಫೋನಿನಲ್ಲಿ ಆ ದನಿ ಕೇಳಿದ ಕೂಡಲೇ ಸೌಭಾಗ್ಯಳ ಬೆರಳುಗಳು ಕೀಬೋರ್ಡಿನ ಮೇಲೆ ಹಾಗೇ ನಿಂತುಬಿಟ್ಟವು. ಹಿಂದೆಯೇ ನಗು. ಒಬ್ಬರಲ್ಲ, ನಾಲ್ಕೈದು ಜನ ಒಟ್ಟಿಗೇ ಕಿಸಕ್ಕೆಂದರು.

ಥೂ...!

ಐತವಾರದ ಮಧ್ಯಾಹ್ನ. ವಿಜಯಪುರದ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಅವಳ ಮನೆ. ಊಟ ಮುಗಿಸಿ ಅಪ್ಪ ಅವ್ವ ಮಲಗಿದ್ದರು. ಕೋಣೆಯ ಬಾಗಿಲು ಹಾಕಿಕೊಂಡು ಸೌಭಾಗ್ಯ ತನ್ನ ಪ್ರೀತಿಯ ಆನ್‌ಲೈನ್ ಆಟ ‘ನಕ್ಷತ್ರಗಡಿ’ಯಲ್ಲಿ ಕೂತಿದ್ದಳು. ಅಂತರಿಕ್ಷದಲ್ಲಿ ಹಡಗು ಓಡಿಸುವುದು, ಲೋಹ ಅಗೆಯುವುದು, ನಿಲ್ದಾಣ ಕಟ್ಟುವುದು... ಅದೇ ಆಟ. ಈ ಜಿಲ್ಲೆಯ ಹುಡುಗರು ಸೇರಿ ಕಟ್ಟಿದ ನಿಲ್ದಾಣಕ್ಕೆ ‘ಗುಮ್ಮಟ’ ಎಂದು ಹೆಸರಿಟ್ಟಿದ್ದರು. ಅದರಲ್ಲಿ ಅವಳ ಹೆಸರು ‘ಉಲ್ಕೆ’. ಕೆಟ್ಟ ಹಡಗುಗಳನ್ನು ರಿಪೇರಿ ಮಾಡುವ ಗ್ಯಾರೇಜು ಅವಳ ಕೈಯಲ್ಲಿತ್ತು.

ಇಲ್ಲಿಯವರೆಗೆ ಅವಳು ಬರೀ ಟೈಪ್ ಮಾಡುತ್ತಿದ್ದಳು. ಎಲ್ಲರೂ ‘ಉಲ್ಕೆ ಅಣ್ಣಾ’ ಎನ್ನುತ್ತಿದ್ದರು. ಅವಳೂ ತಿದ್ದಿರಲಿಲ್ಲ.

ಇಂದು ಮಾತ್ರ ಮೈಕ್ ಒತ್ತಲೇಬೇಕಾಯಿತು. ಆಟದಲ್ಲಿ ಹೊಸದೊಂದು ಭಾಗ ಬಂದಿತ್ತು, ವಾರ್ಪ್ ಗೇಟು. ನಿಲ್ದಾಣಕ್ಕೆ ಅದನ್ನು ಜೋಡಿಸಿದರೆ ಹಡಗುಗಳು ಕಣ್ಣು ಮಿಟುಕಿಸುವುದರೊಳಗೆ ದೂರದ ಗಣಿಗೆ ಹಾರುತ್ತವೆ. ಆದರೆ ಅದರ ಬೆಲೆ! ಎಲ್ಲರೂ ಕೂಡಿಸಿಟ್ಟ ಅಷ್ಟೂ ಲೋಹ ಸುರಿಯಬೇಕು. ಜೊತೆಗೆ ಜಾಗಕ್ಕಾಗಿ ಗ್ಯಾರೇಜು ಒಡೆಯಬೇಕು.

“ಹೊಸಾ ಹುಡುಗರ ಹಡಗ ಕೆಟ್ರ ಎಲ್ಲಿ ಹೋಗಬೇಕ್ರಿ?” ಎಂದು ಕೇಳಿದ್ದಳು. “ಅವರು ಬ್ಯಾರೆ ಗುಂಪಿಗೆ ಹೋಗತಾರ. ಆಮ್ಯಾಗ ಆ ಗೇಟಿನ್ಯಾಗ ಹಾಯೋರು ಯಾರು?”

ಅಷ್ಟೇ. ಆಗ ‘ಗಿಡುಗ’ ಎಂಬ ಹೆಸರಿನವನು ಆ ಮಾತು ಒಗೆದಿದ್ದ!

ನಿನ್ನೆಯಷ್ಟೇ ಇದೇ ಗಿಡುಗ ಬರೆದಿದ್ದ: ‘ಉಲ್ಕೆ ಅಣ್ಣನಂಥ ತಲಿ ನಮ್ಮಾಗ ಯಾರಿಗೂ ಇಲ್ಲ.’ ನಿನ್ನೆಯ ತಲೆ ಇಂದು ಎಲ್ಲಿ ಹೋಯಿತು? ದನಿ ಹೆಣ್ಣಿನದು ಎಂದು ಗೊತ್ತಾದ ಗಳಿಗೆಯಲ್ಲೇ ಕರಗಿತೇ?

“ಸಾಕು ಸುಮ್ಮನಾಗ್ರಿ,” ಎಂದ ಗುಂಪಿನ ಹಿರಿಯ ಇಸ್ಮಾಯಿಲ. ಅವನದು ಬಬಲೇಶ್ವರದಲ್ಲಿ ಮೊಬೈಲ್ ಅಂಗಡಿ. “ಅವಸರ ಬ್ಯಾಡ. ಈ ತಿಂಗಳ ಕಡೀ ಐತವಾರ ಮತ ಹಾಕೂನು.”

ಸೌಭಾಗ್ಯ ಇಯರ್‌ಫೋನು ಕಿತ್ತೆಸೆದಳು. ಬಾಯಲ್ಲಿ ಹಳಸಿದ್ದೇನೋ ತಿಂದ ರುಚಿ. ಎದ್ದು ಹೋಗಿ ಮುಖ ತೊಳೆದಳು. ಮತ್ತೆ ತೊಳೆದಳು. ಆ ನಗು ಮಾತ್ರ ಕಿವಿಯಿಂದ ಹೋಗಲಿಲ್ಲ.

*

ಅವಳ ನೌಕರಿ ಒಂದು ಕೋಲ್ಡ್ ಸ್ಟೋರೇಜಿನಲ್ಲಿ. ರೈತರು ತರುವ ಒಣದ್ರಾಕ್ಷಿಯ ಸ್ಯಾಂಪಲ್ ನೋಡುವುದು, ತೇವ ಎಷ್ಟಿದೆ, ಬಣ್ಣ ಹೇಗಿದೆ ಎಂದು ದರ್ಜೆ ಹಾಕುವುದು. ಜೊತೆಗೆ ಆರಿಸುವ ಕೆಲಸಕ್ಕೆ ರಾಜಬಿ ಇದ್ದಳು, ಅವ್ವನ ವಯಸ್ಸಿನವಳು.

ಮರುದಿನ ಬೆಳಿಗ್ಗೆ ಒಬ್ಬ ಯುವಕ ಚೀಲ ಹಿಡಿದು ಒಳಗೆ ಬಂದ. ಬಿಸಿಲಿಗೆ ಕಂದಿದ ಮುಖ, ತೋಳು ಮಡಚಿದ ಅಂಗಿ.

“ನಮಸ್ಕಾರ್ರಿ. ನಾ ಸಂಗಮೇಶ, ತಿಕೋಟಾದಾಂವ. ಸ್ಯಾಂಪಲ್ ತಂದೇನಿ...”

ಸೌಭಾಗ್ಯ ತಟ್ಟನೆ ತಲೆ ಎತ್ತಿದಳು. ಈ ದನಿ...!

ಅಷ್ಟರಲ್ಲಿ ಅವನ ಫೋನು ರಿಂಗಣಿಸಿತು. “ಹಾಂ ಇಸ್ಮಾಯಿಲಣ್ಣಾ... ನಂದೇನ ಬದಲಿಲ್ಲ. ಗೇಟು ಹಾಕಾಕ ಬೇಕು. ಆ ಉಲ್ಕೆ ಏನರ ಅನ್ನಲಿ ಬಿಡು.”

ಅವನೇ. ಗಿಡುಗ! ಎರಡು ಮಾರು ದೂರದಲ್ಲಿ ನಿಂತಿದ್ದಾನೆ.

“ತೇವ ನೋಡತೀರೇನ್ರಿ?” ಎಂದು ಕೇಳಿದ.

ಅವಳು ಬಾಯಿ ತೆರೆಯಲಿಲ್ಲ. ತೆರೆದರೆ ಬೈಗುಳವೇ ಬರುತ್ತಿತ್ತು, ಇಲ್ಲವೇ ವಾಂತಿ. ಕೈಯಿಂದಲೇ ಕುರ್ಚಿ ತೋರಿಸಿದಳು. ಅವನು ಇನ್ನೇನೋ ಕೇಳಿದ. ತಲೆ ಅಲ್ಲಾಡಿಸಿದಳು.

ಅವನ ಮುಖ ಮೆತ್ತಗಾಯಿತು. “ಓಹ್... ತಪ್ಪಾತ್ರಿ. ನನಗ ಗೊತ್ತಿರಲಿಲ್ಲ. ಸಾವಕಾಶ ನೋಡ್ರಿ.”

ಇವನು ತನಗೆ ಮಾತು ಬರುವುದಿಲ್ಲ, ಕಿವಿಯೂ ಸರಿಯಾಗಿ ಕೇಳುವುದಿಲ್ಲ ಎಂದುಕೊಂಡ! ರಾಜಬಿ ಕಣ್ಣರಳಿಸಿ ನೋಡಿದಳು. ಸೌಭಾಗ್ಯ ಅವಳಿಗೆ ‘ಸುಮ್ಮನಿರು’ ಎಂದು ಸನ್ನೆ ಮಾಡಿದಳು.

ಅವನು ಹೋದ ಮೇಲೆ ರಾಜಬಿ ಕೇಳಿದಳು, “ಏನ್ ಆಟ ಬೇ ಇದು? ಬಾಯಿಗೆ ಏನಾಗೇತಿ ನಿನಗ?”

“ಅವನ ಕೂಡ ಮಾತಾಡಾಕ ಹೇಸಿಗಿ ಬರತೇತಿ, ರಾಜಬಿ ಅಕ್ಕಾ.”

ಹಂಗಾಮು ಜೋರಾಗಿತ್ತು. ಸಂಗಮೇಶ ಆಗಾಗ ಬರತೊಡಗಿದ. ಅವನಿದ್ದಷ್ಟು ಹೊತ್ತೂ ಅವಳು ಸನ್ನೆಯಲ್ಲೇ ಕೆಲಸ ಸಾಗಿಸುತ್ತಿದ್ದಳು. ಬಂದಾಗಲೆಲ್ಲ ಅವಳ ಎದುರಿಗೇ ನಿಂತು, ತುಟಿ ಕಾಣುವಂತೆ ನಿಧಾನವಾಗಿ ಮಾತಾಡುತ್ತಿದ್ದ. ಒಮ್ಮೆ ಲಾರಿ ಡ್ರೈವರ್ ಅವಳ ಮೇಲೆ ರೇಗಿದಾಗ, “ಒದರಬ್ಯಾಡೋ! ಅವರು ತಮ್ಮ ಕೆಲಸ ಮಾಡಾಕತ್ತಾರ” ಎಂದು ತಡೆದ. ಇನ್ನೊಮ್ಮೆ ತನ್ನ ತೋಟದ ಹಸಿ ದ್ರಾಕ್ಷಿ ತಂದು ಮೇಜಿನ ಮೇಲಿಟ್ಟು, ನಾಚಿಕೊಂಡು ಹೋದ.

ಆ ಗೊಂಚಲು ನೋಡುತ್ತಾ ಸೌಭಾಗ್ಯ ಬಹಳ ಹೊತ್ತು ಕೂತಳು. ಒಂದು ಹಣ್ಣು ಬಾಯಿಗಿಟ್ಟಳು. ಸಿಹಿ ಇತ್ತು.

ಛೀ! ನನಗೇನಾಗಿದೆ? ನನ್ನನ್ನು ನೋಡಿ ನಕ್ಕವನ ದಾರಿ ಕಾಯುತ್ತಿದ್ದೇನಾ?

ಈಗ ಅವಳಿಗೆ ಅವನ ಮೇಲಷ್ಟೇ ಅಲ್ಲ, ತನ್ನ ಮೇಲೂ ಅಸಹ್ಯ ಹುಟ್ಟಿತು.

ತಿಂಗಳ ಕೊನೆಯ ವಾರ. ಮಧ್ಯಾಹ್ನ ಆಫೀಸಿನಲ್ಲಿ ಬೇರೆ ಯಾರೂ ಇರಲಿಲ್ಲ, ಮೂಲೆಯಲ್ಲಿ ರಾಜಬಿ ಮಾತ್ರ. ಸಂಗಮೇಶ ಕುರ್ಚಿ ಎಳೆದುಕೊಂಡು ಕೂತ. ಹಣೆಯ ಬೆವರು ಒರೆಸಿಕೊಂಡ.

“ಒಂದ್ ಮಾತ ಹೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ. ನಿಮ್ಮ ಹತ್ರ ಬಂದ್ರ ಮನಸ ಹಗುರ ಆಗತೇತಿ. ಯಾಕಂತ ನನಗೂ ಗೊತ್ತಿಲ್ಲ...” ಅವನು ನಕ್ಕ. “ಏನಂದ್ರೂ ಎದುರಾಡಂಗಿಲ್ಲಲ್ಲ ನೀವು, ಅದಕ್ಕ ಇರಬೇಕು.”

ಅವಳ ಕೈಯಲ್ಲಿದ್ದ ತಟ್ಟೆ ಮೇಜಿಗೆ ಅಪ್ಪಳಿಸಿತು. ಒಣದ್ರಾಕ್ಷಿ ನೆಲದ ತುಂಬ ಚೆಲ್ಲಿತು.

“ಅದಕ್ಕೇನ್ರಿ ನಾ ಛಂದ ಕಾಣತೀನಿ?”

ಅವನು ತಟ್ಟನೆ ಎದ್ದು ನಿಂತ.

“ನೀವು... ಈ ದನಿ... ಉಲ್ಕೆ?”

“ಹೌದು! ಅಡಿಗಿ ಮನಿ ಹರಟಿ ಹೊಡಿಯಾಕಿ! ಬಾಯಿ ಇಲ್ಲದಾಕಿಗೆ ದ್ರಾಕ್ಷಿ, ಬಾಯಿ ಇದ್ದಾಕಿ ಮ್ಯಾಲ ಉಗುಳು... ಇದೇನ್ರಿ ನಿಮ್ಮ ಪ್ರೀತಿ? ಅವತ್ತ ನೀವು ಬೈದದ್ದಕ್ಕಿಂತ ಈ ನಿಮ್ಮ ಒಳ್ಳೇತನ ನೋಡಿ ನನಗ ಹೆಚ್ಚು ಹೇಸಿಗಿ ಬರಾಕತ್ತೇತಿ!”

ಅವನು ಕುರ್ಚಿ ಪಕ್ಕಕ್ಕೆ ಸರಿಸಿದ.

“ಮೊದಲ ದಿನಾನ ಗೊತ್ತಿತ್ತೇನ್ರಿ ನಿಮಗ, ನಾ ಯಾರಂತ?”

“ಗೊತ್ತಿತ್ತು.”

“ಮತ್ತ ಇಷ್ಟ ದಿನ ನನ್ನ ಕುಣಸ್ಕೋತ ನೋಡಿದ್ರಿ.”

ಅವನು ಬಗ್ಗಿ ನೆಲದ ಮೇಲಿನ ಒಣದ್ರಾಕ್ಷಿಯನ್ನೆಲ್ಲ ಆರಿಸಿ, ಚೀಲಕ್ಕೆ ತುಂಬಿಕೊಂಡು ಹೊರಟುಹೋದ.

ರಾಜಬಿ ನಿಟ್ಟುಸಿರುಬಿಟ್ಟಳು. “ತಪ್ಪು ಅವಂದು ಖರೆ, ಯವ್ವಾ. ಆದ್ರ ಬಯ್ಯೂದ ಇತ್ತಂದ್ರ ಮೊದಲ ದಿನಾನ ಬಯ್ಯಬೇಕಿತ್ತು. ಅಂವ ಮನಸ ಕೊಡೂತನಾ ಕಾಯಬಾರದಿತ್ತು.”

ಸೌಭಾಗ್ಯಳ ಕಣ್ಣು ತುಂಬಿ ಬಂತು. ಯಾಕೆ ಅಳುತ್ತಿದ್ದೇನೆ ಎಂದು ಅವಳಿಗೇ ತಿಳಿಯಲಿಲ್ಲ.

*

ಕೊನೆಯ ಐತವಾರ ಬಂತು. ಮತ ಹಾಕಿ, ಗುಂಪು ಬಿಟ್ಟುಬಿಡುವುದೆಂದು ನಿರ್ಧರಿಸಿಯೇ ಅವಳು ಆಟದೊಳಗೆ ಹೋದಳು. ಮೈಕ್ ಬಂದ್ ಮಾಡಿದ್ದಳು.

“ಮತಕ್ಕಿಂತ ಮೊದಲ ನಂದೊಂದ ಮಾತೈತಿ, ಇಸ್ಮಾಯಿಲಣ್ಣಾ.”

ಗಿಡುಗನ ದನಿ! ಮತ್ತೇನು ಹೊಲಸು ಕೇಳಬೇಕೋ...

“ಉಲ್ಕೆಯವರಿಗೆ ನಾ ಅವತ್ತ ಅಂದದ್ದು ಹೊಲಸ ಮಾತು. ಅವರು ಕೇಳಿದ ಪ್ರಶ್ನಿಗೆ ನನ್ನ ಹತ್ರ ಉತ್ತರ ಇರಲಿಲ್ಲ. ಅದಕ್ಕ ಅವರ ದನಿ ಮ್ಯಾಲ ಬಿದ್ದೆ. ನೀವೆಲ್ಲಾ ನಕ್ರಿ. ನನಗ ಅವತ್ತ ಖುಷಿ ಆತು. ಈಗ ಅದನ್ನ ನೆನಸ್ಕೊಂಡ್ರ ನನ್ನ ಮ್ಯಾಲ ನನಗ ವಾಕರಿಕಿ ಬರತೇತಿ.”

ಯಾರೋ ಕಿಸಕ್ಕೆಂದರು. “ಲೇ ಗಿಡುಗ, ಹುಡಿಗಿ ಸಲುವಾಗಿ ಬಗ್ಗಿದೇನಲೇ?”

“ಹೌದು, ಹಿಂಗ ನಕ್ಕಿದ್ದೆ ನಾನೂ,” ಎಂದ ಅವನು. ದನಿ ಏರಿಸಲಿಲ್ಲ. ನಗು ಅಲ್ಲಿಗೇ ಸತ್ತಿತು. “ಉಲ್ಕೆಯವರ, ಅವತ್ತ ನಾ ತಡದ ಮಾತು ಪೂರಾ ಹೇಳ್ರಿ.”

ಸೌಭಾಗ್ಯ ಮೈಕಿನ ಗುಂಡಿ ಒತ್ತಿದಳು. ಒತ್ತಿದಳು.

ಮಾತು ಸಲೀಸಾಗಿ ಬಂತು. ಗೇಟು ಬಂದರೆ ದೊಡ್ಡ ಹಡಗಿನವರಿಗಷ್ಟೇ ಲಾಭ. ಸಣ್ಣ ಹಡಗುಗಳು ಆ ಹಾರಾಟ ತಾಳುವುದಿಲ್ಲ, ಒಡೆಯುತ್ತವೆ. ಒಡೆದಾಗ ಜೋಡಿಸಲು ಗ್ಯಾರೇಜೇ ಇರುವುದಿಲ್ಲ. “ನಮ್ಮ ಗುಮ್ಮಟಕ್ಕ ಜನ ಬರೂದು ಇಲ್ಲಿ ಯಾರರ ಕೈ ಹಿಡೀತಾರ ಅಂತ. ಅದನ್ನ ಒಡದು ಗೇಟು ಕಟ್ಟೂದು ನನಗ ಬ್ಯಾಡ.”

ಯಾರೂ ನಡುವೆ ಬಾಯಿ ಹಾಕಲಿಲ್ಲ.

ಒಬ್ಬೊಬ್ಬರೇ ಮತ ಹೇಳಿದರು. ಗಿಡುಗನ ಸರದಿ ಬಂದಾಗ ಸೌಭಾಗ್ಯ ಕಣ್ಣು ಮುಚ್ಚಿದಳು. ಈಗ ನನ್ನ ಕಡೆ ಮತ ಹಾಕುತ್ತಾನೆ... ಮತ್ತೊಂದು ದ್ರಾಕ್ಷಿ ಗೊಂಚಲು ಕೊಟ್ಟ ಹಾಗೆ!

“ನಂದು ಗೇಟಿಗೇ,” ಎಂದ ಅವನು. “ಉಲ್ಕೆಯವರ ಮಾತು ಅರ್ಧಾ ಒಪ್ಪಿದೆ. ಆದ್ರ ದೂರದ ಗಣಿ ಇಲ್ಲದ ನಾವು ಬೆಳ್ಯಂಗಿಲ್ಲ ಅಂತ ಇನ್ನೂ ಅನಸತೇತಿ. ಸುಳ್ಳ ಮತ ಹಾಕಂಗಿಲ್ಲ.”

ಅವಳು ಕಣ್ಣು ತೆರೆದಳು. ಇಷ್ಟು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಕಹಿ ಮೊದಲ ಸಲ ಕೆಳಗಿಳಿಯಿತು. ಅವನು ಅವಳನ್ನು ಓಲೈಸಲಿಲ್ಲ. ಸರಿಸಮ ನಿಂತು, ಎದುರು ಮತ ಹಾಕಿದ!

ಗೇಟು ಸ್ವಲ್ಪದರಲ್ಲಿ ಸೋತಿತು.

“ಸೋತ್ನಿ,” ಎಂದ ಗಿಡುಗ. “ಗ್ಯಾರೇಜಿಗೆ ಏನ್ ಬೇಕು ಹೇಳ್ರಿ. ತಂದು ಹಾಕತೀನಿ.”

ಸೌಭಾಗ್ಯ ಗುಂಪು ಬಿಡಲಿಲ್ಲ.

*

ಆ ವಾರವೇ ಸ್ಯಾಂಪಲ್ ತರುವ ಕೆಲಸಕ್ಕೆ ರಾಜಬಿಯೊಡನೆ ತಿಕೋಟಾಕ್ಕೆ ಹೋಗಬೇಕಾಯಿತು. ಬೇರೆಯವರನ್ನು ಕಳಿಸಬಹುದಿತ್ತು. ಅವಳೇ ಹೊರಟಳು.

ಸಂಗಮೇಶನ ತೋಟದ ಒಣಗಿಸುವ ಶೆಡ್ಡಿನಲ್ಲಿ ಬಲೆಗಳ ಮೇಲೆ ದ್ರಾಕ್ಷಿ ಹರಡಿತ್ತು. ಸಂಗಮೇಶ ಅವಳನ್ನು ನೋಡಿ ಕೆಲಸ ನಿಲ್ಲಿಸಿದ. ರಾಜಬಿ ನೀರು ಕುಡಿಯುವ ನೆಪ ಮಾಡಿ ಆಚೆ ನಡೆದಳು.

“ಮೊದಲ ನಾ ಹೇಳತೀನಿ,” ಎಂದಳು ಸೌಭಾಗ್ಯ. “ನಿಮಗ ಹೇಸಿಗಿ ಅಂದೆ. ಆದ್ರ ನಾ ಮಾಡಿದ್ದೂ ಛಲೋ ಕೆಲಸ ಅಲ್ಲ. ನಿಮ್ಮ ಕರುಣಾ ಅಷ್ಟೂ ಸುಮ್ಮ ಕುಂತು ತಗೊಂಡೆ. ತಪ್ಪಾತು.”

“ನಂದು ದೊಡ್ಡ ತಪ್ಪು. ಅಳತಿ ಮಾಡಾಕ ಬರಬ್ಯಾಡ್ರಿ,” ಎಂದ ಅವನು. ಬಲೆಯ ಮೇಲಿನ ದ್ರಾಕ್ಷಿ ಸರಿಸುತ್ತಾ ಕೇಳಿದ, “ಇನ್ನೂ ನನ್ನ ನೋಡಿದ್ರ ಹಂಗ ಅನಸತೇತೇನ್ರಿ?”

“ಅವತ್ತಿನ ನಗು ನೆನಪಾದ್ರ ಅನಸತೇತಿ. ಸುಳ್ಳ ಹೇಳಂಗಿಲ್ಲ.”

ಅವನು ತಲೆ ತಗ್ಗಿಸಿದ.

“ಆದ್ರ...” ಅವಳ ದನಿ ಇಳಿಯಿತು. “ನೀವು ನನ್ನ ವಿರುದ್ಧ ಮತ ಹಾಕಿದಾಗ, ಈ ಮನಶ್ಯಾನ ಕೂಡ ಜಗಳಾಡಕೋತ ಬಾಳೇ ಮಾಡಬಹುದು ಅನಿಸ್ತು.”

ಸಂಗಮೇಶ ತಲೆ ಎತ್ತಿದ. ಕಣ್ಣು ಹನಿಗೂಡಿತ್ತು.

“ಸೌಭಾಗ್ಯಾ... ಮನಿಗೆ ಬಂದು ಕೇಳ್ಲೇನು?”

“ಬರ್ರಿ. ನಮ್ಮಪ್ಪ ಭಾಳ ಬಿರಸ ಮನಶ್ಯಾ. ನೂರಾಯೆಂಟ ಪ್ರಶ್ನಿ ಕೇಳತಾನ.”

“ಒಲ್ಲೆ ಅಂದ್ರ?”

ಅವಳು ಸೆರಗು ಸರಿಮಾಡಿಕೊಂಡು, ಅವನ ಮುಖವನ್ನೇ ನೋಡುತ್ತಾ ಮೆಲ್ಲಗೆ ನಕ್ಕಳು.

“ಅಪ್ಪ ಒಲ್ಲೆ ಅಂದ್ರ ಅನ್ನಲಿ ಬಿಡ್ರಿ... ನಾ ಒಲ್ಲೆ ಅಂದಿಲ್ಲಲ್ಲ!”