ಗಾಣದ ಮನೆಯ ಭೋಂಗಾ

"ಬಾಯಾರ, ನಾ ಒಬ್ಬಾವನ್ನ ಕೊಂದೀನ್ರಿ."

ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಹಣೆ ಒಡೆದಿತ್ತು. ರಕ್ತ ಇಳಿದು ಎಡಗಣ್ಣು ಮುಚ್ಚಿಹೋಗಿತ್ತು. ಲಕ್ಷ್ಮಿಬಾಯಿ ಚಹಾದ ಲೋಟ ಕೆಳಗಿಡದೆ ಅವಳನ್ನು ನೋಡಿದರು.

"ಕೊಂದಾಕಿ ನೀನು. ಮತ್ತ ರಕ್ತ ಯಾಕ ನಿಂದು ಸುರಿಯಾಕತ್ತೈತಿ?"

"ಕಲ್ಲು ಒಗದ್ರು. ಮನಿ ಬಾಗಲಾ ಮುರದ್ರು. ಅಪ್ಪನ ಕೈ ಮುರದ್ರು."

"ಕುಂದ್ರು. ಸುಮೇಧ, ಹತ್ತಿ ತಗೊಂಬಾ."

ನಾನು ಹತ್ತಿ ತಂದುಕೊಟ್ಟೆ.

ಲಕ್ಷ್ಮಿಬಾಯಿ ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು. ಚಿಕ್ಕೋಡಿಯಲ್ಲಿ ನಮ್ಮ ಹಾಸ್ಟೆಲ್ ಎದುರಿನ ಮಹಡಿಯಲ್ಲಿ ಎರಡು ಕೋಣೆ ಹಿಡಿದು ಒಬ್ಬರೇ ಇದ್ದರು. ಹಾಸ್ಟೆಲ್ ಲೈಬ್ರರಿಗೆ ಪುಸ್ತಕ ಒಯ್ಯಲು ಬರುತ್ತಿದ್ದರು. ನನ್ನ ಪರಿಚಯವಾದದ್ದು ಅಲ್ಲಿ. ಹಿಂದೆ ಯಾವನೋ ರೌಡಿ ಅವರ ಮೊಣಕಾಲಿಗೆ ರಾಡಿನಿಂದ ಹೊಡೆದಿದ್ದ. ಹಾಗಾಗಿ ಬೈಕ್ ನಾನು ಓಡಿಸುತ್ತಿದ್ದೆ.

ಹುಡುಗಿಯ ಹೆಸರು ಸಪನಾ. ಬೋರಗಾಂವದ ಪವರ್‌ಲೂಮ್ ಕಾರ್ಮಿಕನ ಮಗಳು, ಡಿಪ್ಲೊಮಾ ಓದುತ್ತಿದ್ದಳು. ಗಾಯ ಒರೆಸುವಾಗ ಅವಳು ಹೇಳಿದ್ದು ಇಷ್ಟು. ಸದಲಗಾದ ಹತ್ತಿರ ಬಾಬಾಸಾಹೇಬರದು ಬೆಲ್ಲ ಮಾಡುವ ಗಾಣ. ಅವರ ಮಗ ಸಂದೇಶ ಎಂಜಿನಿಯರ್. ಮೋಟರ್ ಚಾಲೂ ಮಾಡುವ ಪೆಟ್ಟಿಗೆಗೆ ಅವನು 'ರೈತ ಸ್ಟಾರ್ಟರ್' ಎಂಬ ಓಪನ್ ಸೋರ್ಸ್ ಪ್ರಾಜೆಕ್ಟ್ ನಡೆಸುತ್ತಿದ್ದ. ಅದರ ಕೋಡ್ ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಒಪ್ಪುವುದು ಬಿಡುವುದು ಸಂದೇಶನ ಕೈಯಲ್ಲಿ. ಕರೆಂಟ್ ಹೋಗಿ ಬಂದರೆ ಮೋಟರ್ ತಾನೇ ಚಾಲೂ ಆಗಬೇಕು, ಇದು ಹೊಸಬರಿಗೆ ಸಣ್ಣ ಕೆಲಸ ಎಂದು ಅವನು ಅಲ್ಲಿ ಬರೆದಿದ್ದ. ಸಪನಾ ಬರೆದು ಕಳಿಸಿದಳು. ಅದು ಅವಳ ಮೊದಲ ಕೋಡ್.

"ಬರೇ ಚಾಲೂ ಆದ್ರ ಅಪಾಯ ಅನಿಸ್ತು. ಓವರ್‌ಲೋಡಿಗೆ ಸೈರನ್ನಿನಂಗ ಕೂಗೋ ಭೋಂಗಾ ಪೆಟಗ್ಯಾಗ ಇದ್ದ ಇರ್ತೈತಿ. ಮೊದಲ ಅದು ಮೂರು ಸಲ ಕೂಗಲಿ, ಆಮ್ಯಾಲ ಮೋಟರ್ ತಿರಗಲಿ ಅಂತ ನಾನ ಸೇರಿಸಿದ್ನಿ."

"ಅವ ಒಪ್ಪಿದ್ನಾ?"

ಸಪನಾ ಒಡೆದ ಗಾಜಿನ ಮೊಬೈಲ್ ತೋರಿಸಿದಳು. ಗುರುವಾರದ ಸಂದೇಶನ ಮೆಸೇಜ್: 'ನಿನ್ನ ಕೋಡ್ ಒಪ್ಪಿದೆ. ಮೊದಲು ನಮ್ಮ ಗಾಣಕ್ಕೇ ಹಾಕಿದೆ. ಅಭಿನಂದನೆ.' ಅವತ್ತು ಅವಳು ತನ್ನ ಹಾಸ್ಟೆಲ್‌ ತುಂಬ ಪೇಢೆ ಹಂಚಿದ್ದಳಂತೆ. ಶುಕ್ರವಾರ ಗಾಣದ ಬಾಯಿಗೆ ಕಬ್ಬು ಕೊಡುವ ಆಳು ಲಖನ ಸತ್ತ. ಕರೆಂಟ್ ಹೋಗಿತ್ತು, ರೋಲರಿನಲ್ಲಿ ಕಬ್ಬು ಸಿಕ್ಕಿಕೊಂಡಿತ್ತು, ಅವನು ಕೈಹಾಕಿ ಬಿಡಿಸುತ್ತಿದ್ದ. ಗಾಣ ತಿರುಗಿತು. ಸಪನಾಳ ಕೋಡಿನಿಂದ ಅದು ತಾನೇ ಚಾಲೂ ಆಯಿತು ಎಂದು ಸಂದೇಶ ಎಲ್ಲರಿಗೂ ಹೇಳಿದ್ದ.

"ಕೈ ಹೆಗಲತನಾ ಒಳಗ ಹೋತಂತ್ರಿ," ಎಂದಳು.

"ನಾಳೆ ನಿನ್ನ ಅರೆಸ್ಟ್ ಮಾಡ್ತಾರ," ಎಂದರು ಲಕ್ಷ್ಮಿಬಾಯಿ. "ಅದಕ್ಕಿಂತ ಮೊದಲ ಗಾಣ ನೋಡೂಣು."

ಗಾಣದ ಮನೆಯಲ್ಲಿ ಒಲೆ ಆರಿತ್ತು. ಕಡಾಯಿಯಲ್ಲಿ ಅರ್ಧ ಕುದಿದ ರಸ ಹುಳಿ ಬಂದು ನಾರುತ್ತಿತ್ತು. ರೋಲರುಗಳ ನಡುವೆ ಅಂಗಿಯ ತೋಳು ಇನ್ನೂ ಇತ್ತು. ಬಟ್ಟೆಯಷ್ಟೇ ಅಲ್ಲ.

ಸದಲಗಾ ಠಾಣೆಯ ಫೌಜದಾರರು ಅಪಘಾತವಾದ ಕೂಡಲೇ ಬಂದು ಮೇನ್ ಫ್ಯೂಜ್ ಕಿತ್ತು ಒಯ್ದಿದ್ದರು. ತಜ್ಞರು ಬರುವವರೆಗೆ ಯಾರೂ ಮುಟ್ಟಬಾರದೆಂದು ಪೆಟ್ಟಿಗೆಯ ಮುಂದೆ ಒಬ್ಬ ಪೇದೆಯನ್ನು ಕೂರಿಸಿದ್ದರು. ಪೇದೆ ಲಕ್ಷ್ಮಿಬಾಯಿಗೆ ಸೆಲ್ಯೂಟ್ ಹೊಡೆದು ದಾರಿ ಬಿಟ್ಟ. ತಗಡಿನ ಪೆಟ್ಟಿಗೆ, ಹೊರಗೆ ಹಸಿರು ಗುಂಡಿ, ಕೆಂಪು ಗುಂಡಿ. ಮುಚ್ಚಳದಿಂದ ಪಕ್ಕದ ತಗಡಿನವರೆಗೆ ಮೂರು ಬೆರಳಿನ ವಿಭೂತಿ ಪಟ್ಟೆ. ಬೆಲ್ಲದ ಹಬೆ ಬಡಿದು ಬಡಿದು ಅದು ಬಣ್ಣ ಹಚ್ಚಿದಂತೆ ಗಟ್ಟಿಯಾಗಿತ್ತು.

"ಇದನ್ನ ಯಾವಾಗ ಹಚ್ಚಿದ್ದವ್ವಾ?"

ಸಂದೇಶನ ತಾಯಿ ಚನ್ನವ್ವ ಮೂಲೆಯಲ್ಲಿ ನಿಂತಿದ್ದಳು. "ಖಂಡೇನವಮಿಗೆ ಪೆಟಗಿ ಪೂಜಿ ಮಾಡಿ ನಾನ ಹಚ್ಚೀನ್ರಿ. ಹಂಗಾಮ ಮುಗಿಯೂತನಾ ಒರಸಬಾರದ್ರಿ."

ಒಲೆಗೆ ರವದಿ, ಅಂದರೆ ಕಬ್ಬಿನ ಒಣ ಸೋಗೆ, ಹಾಕುವ ತುಕಾರಾಮನನ್ನು ಲಕ್ಷ್ಮಿಬಾಯಿ ಹೊರಗೆ ಕರೆದರು.

"ಕರೆಂಟ್ ಹೋತು, ನಾವೆಲ್ಲಾ ಚಹಾಕ್ಕ ಹ್ವಾದ್ವಿ. ಲಖನಾ, ಸಂದೇಶ ಧನಿ ಇಬ್ರ ಒಳಗ. ಬಲ್ಬ್ ಹತ್ತಿತು. ನಾವು ಚಹಾ ಕುಡದು ಕಪ್ಪು ತೊಳ್ಯಾಕತ್ತಿದ್ವಿ, ಆವಾಗ ಅಂವ ಚೀರಿದ. ನಾ ಓಡಿ ಬಂದು ಕೆಂಪು ಗುಂಡಿ ಒತ್ತಿದೆ. ಅಷ್ಟರಾಗ ಆಗಿ ಹೋಗಿತ್ತರಿ."

"ಧನಿ ಎಲ್ಲಿದ್ದ?"

"ಪೆಟಗಿ ಬಾಜೂಕ ನಿಂತಿದ್ರು. ಗಾಬರ್ಯಾಗಿರಬೇಕ್ರಿ."

"ಭೋಂಗಾ ಕೂಗಿತ್ತೇನು?"

"ಟ್ರ್ಯಾಕ್ಟರನ್ಯಾಗ ಹಾಡು ಹಚ್ಚಿದ್ರು. ನಂಗ ಕೇಳಸಲಿಲ್ಲ."

ಲಖನನ ತಾಯಿ ಅಕ್ಕುತಾಯಿಯ ಮನೆಗೂ ಹೋದೆವು. ಸಪನಾಳ ಹೆಸರು ಎತ್ತುತ್ತಲೇ ಮುದುಕಿ ಕುಡಗೋಲು ತೆಗೆದುಕೊಂಡು ಎದ್ದಳು. ನಾನು ಅವಳ ಕೈ ಹಿಡಿದೆ, ಅಂಗೈ ಕೊಯ್ಯಿತು.

"ಆ ರಂಡಿ ಏನೋ ಬರದ ಕಳಿಸಿದ್ದಕ್ಕ ನನ್ನ ಮಗಾ ಹಿಂಡಿದ ಕಬ್ಬಿನ ಸಿಪ್ಪಿ ಆದ," ಎಂದಳು. "ಸೋಮವಾರ ಚಿಕ್ಕೋಡಿ ಕೋರ್ಟಿಗೆ ಸಾಕ್ಷಿ ಹೇಳಾಕ ಹೋಗಾವ ಇದ್ದ. ಹೊಸ ಅಂಗಿ ಹೊಲಿಸಿದ್ದ. ಅದನ್ನ ಹೊಚ್ಚಿ ಮಣ್ಣ ಮಾಡಿದ್ವಿ."

"ಎಂಥಾ ಸಾಕ್ಷಿ?"

"ಹ್ವಾದ ಹಂಗಾಮದಾಗ ಕಬ್ಬ ಕಡಿಯಾಕಿ ಸುಂದರಾನ ಮ್ಯಾಲ ಟ್ರ್ಯಾಕ್ಟರ್ ಹಾಯ್ದು ಸತ್ಲಲ್ಲ, ಅದ. ಟ್ರ್ಯಾಕ್ಟರ್ ಹೊಡದಾಂವ ಯಾರಂತ ಕೋರ್ಟಿನ್ಯಾಗ ಹೇಳ್ತೀನಿ ಅಂದಿದ್ದ. ನಂಗೂ ಹೇಳಲಿಲ್ಲ."

ಲಕ್ಷ್ಮಿಬಾಯಿ ತಮ್ಮ ಕರವಸ್ತ್ರದಿಂದ ನನ್ನ ಕೈ ಕಟ್ಟಿದರು. "ನಾಳೆ ಮುಂಜಾನೆ ಗಾಣಕ್ಕ ಬಾ ಅಕ್ಕುತಾಯಿ. ಕುಡಗೋಲು ಬ್ಯಾಡ."

ಮರುದಿನ ಗಾಣದ ಮನೆಯಲ್ಲಿ ಎಲ್ಲರೂ ಸೇರಿದರು. ಫೌಜದಾರರು ಸಪನಾಳನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದರು. ಬಾಬಾಸಾಹೇಬರು ಕುರ್ಚಿಯಲ್ಲಿ, ಹಿಂದೆ ಸಂದೇಶ. ಇಸ್ತ್ರಿ ಅಂಗಿ, ಕೆಂಪಾದ ಕಣ್ಣು.

"ಸಂದೇಶ, ಆವತ್ತು ಏನಾತು, ಇನ್ನೊಮ್ಮೆ ಹೇಳಪಾ," ಎಂದರು ಲಕ್ಷ್ಮಿಬಾಯಿ.

"ಹೇಳೀನಲ್ರಿ. ಕರೆಂಟ್ ಬಂತು. ಭೋಂಗಾ ಮೂರು ಸಲ ಕೂಗಿತು. ತಕ್ಷಣ ಮೋಟರ್ ತಾನ ತಗೊಂಡ್ತು. ಆಕಿ ಕೋಡ್ ಹಂಗ ಐತಿ."

"ಆ ಕೋಡ್ ಪೆಟಗ್ಯಾಗ ಹ್ಯಾಂಗ ಹೋಗ್ತೈತಿ? ಗಾಳ್ಯಾಗ?"

"ಇಲ್ರಿ," ಎಂದಳು ಸಪನಾ ತಲೆಯೆತ್ತಿ. "ಮುಚ್ಚಳಾ ತಗದು, ಕೇಬಲ್ ಹಚ್ಚಿ, ಲ್ಯಾಪ್‌ಟಾಪಿನಿಂದ ಹಾಕಬೇಕು."

"ಗುರುವಾರ ಹಾಕೀನಿ," ಎಂದ ಸಂದೇಶ.

"ಹೌದೇನು. ಹಂಗಾದ್ರ ನಿಮ್ಮವ್ವನ ವಿಭೂತಿ ನೋಡು."

ಎಲ್ಲರೂ ಪೆಟ್ಟಿಗೆಯತ್ತ ತಿರುಗಿದರು. ಮೂರು ಪಟ್ಟೆಗಳು ಮುಚ್ಚಳದ ಸಂದಿಯನ್ನು ದಾಟಿ, ಎಲ್ಲೂ ಬಿರುಕಿಲ್ಲದೆ ಅಂಟಿದ್ದವು. ಫೌಜದಾರರು ಚಾಕುವಿನಿಂದ ಕೆರೆದರು. ಗಾರೆಯಂತೆ ಚಕ್ಕೆ ಎದ್ದು ಬಿತ್ತು. ಅದು ಒಡೆದ ಮೇಲೆಯೇ ಮುಚ್ಚಳ ಅಲುಗಿತು.

"ಖಂಡೇನವಮಿಯಿಂದ ಇವತ್ತಿನತನಾ ಈ ಪೆಟಗಿ ಯಾರೂ ತಗದಿಲ್ಲ," ಎಂದರು ಲಕ್ಷ್ಮಿಬಾಯಿ. "ಇದರಾಗ ಇರೋದು ಹಳೇ ಕೋಡ್. ಫ್ಯೂಜ್ ಹಾಕ್ರಿ ಫೌಜದಾರ."

ಫ್ಯೂಜ್ ಹಾಕಿದರು. ಬಲ್ಬ್ ಹತ್ತಿತು. ನಾವು ಕಾದೆವು. ಭೋಂಗಾ ಕೂಗಲಿಲ್ಲ, ಗಾಣವೂ ತಿರುಗಲಿಲ್ಲ. ಅಕ್ಕುತಾಯಿ ರೋಲರುಗಳನ್ನೇ ನೋಡುತ್ತಿದ್ದಳು.

"ಹಳೇ ಕೋಡಿನ್ಯಾಗ ಕರೆಂಟ್ ಬಂದ್ರೂ ಮೋಟರ್ ಸುಮ್ಮನಿರ್ತೈತಿ. ಯಾರರೆ ಹಸಿರು ಗುಂಡಿ ಒತ್ತಬೇಕು. ಅದಕ್ಕ ಬಲ್ಬ್ ಹತ್ತಿದ್ರೂ ಲಖನ ಕೈ ತಗೀಲಿಲ್ಲ. ಒತ್ತೂ ಜಾಗಾದಾಗ ಧನಿ ನಿಂತಾನ, ನೋಡ್ಕೋತಾನ ಅಂತ ನಂಬಿದ್ದ. ಕರೆಂಟ್ ಬಂದ ಭಾಳ ಹೊತ್ತಿನ ಮ್ಯಾಲ ಅಂವ ಚೀರಿದ್ದು. ತುಕಾರಾಮನ ಚಹಾ ಮುಗಿದಿತ್ತು. ನೀ ನೋಡಿದರ ತಕ್ಷಣ ಅಂತಿ. ಕೂಗದ ಭೋಂಗಾ ನಿನಗೊಬ್ಬನಿಗೇ ಕೇಳಿಸ್ತು. ಯಾಕಂದ್ರ ನೀ ಕಿವಿಲೆ ಕೇಳಿಲ್ಲ, ಆಕಿ ಕೋಡ್ ಓದಿ ಹೇಳಾಕತ್ತಿ."

ಬಾಬಾಸಾಹೇಬರು ಎದ್ದರು. "ಬಾಯಾರ, ಹುಡುಗ ಗಾಬರ್ಯಾಗ ಏನರೆ ಅಂದಿರ್ತಾನ."

"ಒತ್ತೀನಿ," ಎಂದ ಸಂದೇಶ. "ಅವನ ಕೈ ಒಳಗಿತ್ತಂತ ಗೊತ್ತಿರಲಿಲ್ಲ. ಹೆದರಿ ಸುಳ್ಳ ಹೇಳಿದ್ನಿ."

"ಕೈ ಹೋದದ್ದು ಗೊತ್ತಾದ ಮ್ಯಾಲ? ಹಸಿರಿನ ಕೆಳಗ ಕೆಂಪು ಐತಿ, ಬೆರಳ ಇಳಿಸಿದ್ರ ಸಾಕಿತ್ತು. ಹೊರಗಿನಿಂದ ತುಕಾರಾಮ ಓಡಿ ಬಂದು ಒತ್ತಬೇಕಾತು. ಅಲ್ಲಿತನಾ ನೀ ನಿಂತು ನೋಡಿದಿ. ಕೋಡ್ ಹಾಕೀನಿ ಅಂತ ಸುಳ್ಳ ಮೆಸೇಜ್ ಮಾಡಿದ್ದಂತೂ ಹಿಂದಿನ ದಿನ. ಒಂದ ದಿನ ಮೊದಲ ಯಾರೂ ಗಾಬರಿ ಆಗೂದಿಲ್ಲ."

ಸಂದೇಶ ಒಂದು ಹೆಜ್ಜೆ ಗೋಡೆಯತ್ತ ಸರಿದ.

"ಮೋಟರ್ ತಾನ ಚಾಲೂ ಆಗೋ ಕೋಡ್ ಬೇಕು ಅಂದಾಂವ ನೀನ. ತಪ್ಪ ಮೈ ಮ್ಯಾಲ ಹಾಕಾಕ ಯಾರರೆ ಹೊಸಬರು ಬೇಕಾಗಿತ್ತು. ನೀ ಕೇಳದ ಇದ್ರೂ ಹುಡುಗಿ ಭೋಂಗಾ ಸೇರಿಸಿದಳು. ಅದನ್ನ ಹಾಕಿದ್ದರ ಲಖನ ಕೈ ತಗೀತಿದ್ದ. ಅದಕ್ಕ ಒಪ್ಪಿದಿ, ಹಾಕಲಿಲ್ಲ. ಕರೆಂಟ್ ದಿನಾ ಹೋಗ್ತೈತಿ, ಸಿಕ್ಕ ಕಬ್ಬಿಗೆ ಲಖನ ಕೈ ಹಾಕ್ತಾನ, ನೀ ಕಾದ್ರ ಸಾಕಿತ್ತು. ಒಪ್ಪಿದ ಕೂಡ್ಲೆ ಮೊಬೈಲಿನಂಗ ಎಲ್ಲಾ ಕಡೆ ತಾನ ಬದಲಾಗ್ತೈತಿ ಅಂತ ಊರು ನಂಬ್ತೈತಿ ಅನ್ನೂದು ನಿನಗ ಗೊತ್ತಿತ್ತು. ಸೋಮವಾರ ಕೋರ್ಟಿಗೆ ಹೋಗೋ ಲಖನನ ಬಾಯಿ ಮುಚ್ಚಸಾಕ ಇಷ್ಟೆಲ್ಲಾ ಮಾಡಿದಿ ಅಂದ್ರ, ಸುಂದರಾನ ಮ್ಯಾಲ ಟ್ರ್ಯಾಕ್ಟರ್ ಹಾಯಿಸಿದಾಂವ ನೀನ. ನೋಡಿದಾಂವ ಲಖನ ಒಬ್ಬನ."

ಸಂದೇಶ ಗೋಡೆಗಿದ್ದ ಕೊಯ್ತಾ ಎಳೆದುಕೊಂಡ. ಕಬ್ಬು ಕಡಿಯುವ ಆ ಕತ್ತಿ ಸಪನಾಳ ಕುತ್ತಿಗೆಗೆ ಬಂತು. ನಾನು ಅವಳನ್ನು ದಬ್ಬಿದೆ. ಅದು ನನ್ನ ಭುಜಕ್ಕೆ ಕೂತಿತು. ಎರಡನೆಯ ಏಟು ಬೀಳುವ ಮೊದಲು ಲಕ್ಷ್ಮಿಬಾಯಿ ಕಡಾಯಿಯ ಕಬ್ಬಿಣದ ಜಾಲರಿ ಸೌಟನ್ನು ಎರಡೂ ಕೈಯಲ್ಲಿ ಬೀಸಿದರು. ಅವನ ಮಣಿಕಟ್ಟು ಮುರಿದ ಸದ್ದು ಸ್ಪಷ್ಟವಾಗಿ ಕೇಳಿಸಿತು. ಕೊಯ್ತಾ ಕೆಳಗೆ ಬಿತ್ತು. ಅಕ್ಕುತಾಯಿ ಅದನ್ನು ಎತ್ತಿಕೊಂಡಳು. ಫೌಜದಾರರು, ತುಕಾರಾಮ ಇಬ್ಬರೂ ಸೇರಿ ಅವಳನ್ನು ಹಿಡಿಯಬೇಕಾಯಿತು.

"ಬಿಡ್ರಿ," ಎನ್ನುತ್ತಿದ್ದಳು. "ಅವನ ತೋಳ ಅಷ್ಟ ಕೊಡ್ರಿ ನಂಗ."

ಚನ್ನವ್ವ ನೆಲದಲ್ಲಿ ಬಿದ್ದ ವಿಭೂತಿ ಚಕ್ಕೆಯನ್ನು ನೋಡುತ್ತ ನಿಂತಿದ್ದಳು. ಮಗನನ್ನು ಜೀಪಿಗೆ ಹತ್ತಿಸಿದಾಗಲೂ ತಿರುಗಲಿಲ್ಲ.

ನನ್ನ ಭುಜಕ್ಕೆ ಹೊಲಿಗೆ ಬಿದ್ದವು. ಬೋರಗಾಂವದಲ್ಲಿ ಕಲ್ಲು ಒಗೆದವರು ಯಾರೂ ಸಪನಾಳ ಕ್ಷಮೆ ಕೇಳಲಿಲ್ಲ. ಬಾಗಿಲನ್ನು ಅವರಪ್ಪನೇ, ಒಂದೇ ಕೈಯಲ್ಲಿ, ರಿಪೇರಿ ಮಾಡಿದ.

ಕೆಲವು ವಾರಗಳ ಮೇಲೆ ಸಪನಾ ಲಕ್ಷ್ಮಿಬಾಯಿಯ ಕೋಣೆಗೆ ಲ್ಯಾಪ್‌ಟಾಪ್ ತಂದಳು. ಸಂದೇಶ ಜೈಲಿನಲ್ಲಿದ್ದ, ಪ್ರಾಜೆಕ್ಟಿಗೆ ಯಜಮಾನರಿರಲಿಲ್ಲ. ಓಪನ್ ಸೋರ್ಸ್ ಆದ್ದರಿಂದ ಪೂರ್ತಿ ಪ್ರತಿ ತೆಗೆದುಕೊಂಡು ಅವಳೇ ನಡೆಸತೊಡಗಿದ್ದಳು. ತಾನೇ ಚಾಲೂ ಆಗುವುದನ್ನು ತೆಗೆದುಹಾಕಿದ್ದಳು. ಅದರ ಜಾಗದಲ್ಲಿ ಒಂದು ಸಣ್ಣ ಬದಲಾವಣೆ.

"ಏನಿದು?" ಎಂದರು ಲಕ್ಷ್ಮಿಬಾಯಿ ಕನ್ನಡಕ ಏರಿಸಿ.

"ಹಸಿರು ಗುಂಡಿ ಯಾರ ಒತ್ತಲಿ, ಧನಿನ ಒತ್ತಲಿ, ಮೊದಲ ಭೋಂಗಾ ಕೂಗ್ತೈತ್ರಿ. ಕೈ ತಗಿಯೂವಷ್ಟು ಹೊತ್ತು ಬಿಟ್ಟು ಆಮ್ಯಾಲ ಗಾಣ."

ಮರುದಿನ ನಾವು ಮೂವರೂ ಸದಲಗಾದ ಗಾಣಕ್ಕೆ ಹೋದೆವು. ಚನ್ನವ್ವ ತಾನೇ ಮುಚ್ಚಳ ತೆಗೆದುಕೊಟ್ಟಳು. ಸಪನಾ ಕೇಬಲ್ ಹಚ್ಚಿದಳು.